ಮಾರೇನಹಳ್ಳಿ ಕರಿಯನ ಹುಣ್ಣು

ದನದ ಆಸ್ಪತ್ರೆಯ ಕಾಂಪೌಂಡರನಿಗೆ ನಗು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಭಗವಂತ ದಿನವೂ ಬಾಗಿಲಿಗೇ ಕಳಿಸಿಕೊಡುತ್ತಾನೆ. ರಾಜಾಜಿನಗರದಲ್ಲಿ ಇನ್ನೂ ಸೈಟಿಗೆ ಕಲ್ಲು ನೆಡುತ್ತಿದ್ದ ಕಾಲದ ಮಾತಿದು.

೧

ಮಾರೇನಹಳ್ಳಿಯ ಒಬ್ಬ ಅವ್ವ ತಮ್ಮ ನಾಯಿ ಕರಿಯನನ್ನು ಕರೆತಂದರು. ಪಾದದಿಂದ ಭುಜದವರೆಗೆ ಸಾಲು ಹುಣ್ಣು. ಮನೆಯಲ್ಲಿ ಕೂಸಿದೆ, ಯುಗಾದಿಯೊಳಗೆ ವಾಸಿಯಾಗದಿದ್ದರೆ ನಾಯಿಯನ್ನು ಗುಂಡಿಟ್ಟು ಕೊಲ್ಲಿಸುತ್ತೇನೆ ಎಂದು ಮಗ ಹೇಳಿಬಿಟ್ಟಿದ್ದನಂತೆ. ಅವ್ವನ ಕಣ್ಣಲ್ಲಿ ನೀರು.

ನಮ್ಮ ಡಾಕ್ಟರು ಮಹಾ ತಾಳ್ಮೆಯವರು. ಹುಣ್ಣಿನ ಕೀವನ್ನು ಗಾಜಿನ ಬಟ್ಟಲಲ್ಲಿ ಹತ್ತು ದಿನ ಇಟ್ಟು ಕಾದರು. ಕಪ್ಪಗೆ ಏನೋ ಬೆಳೆಯಿತು. ಇದು ಬಲು ಅಪರೂಪದ ಬೂಷ್ಟು ರೋಗ ಎಂದರು.

ಅವ್ವನಿಗೆ ಅವಮಾನವಾಯಿತು. "ನಮ್ಮನೆ ಉಪ್ಪಿನಕಾಯಿಗೇ ಬೂಷ್ಟು ಬಂದಿಲ್ಲ ಸ್ವಾಮಿ, ನಾಯಿಗೆ ಹೆಂಗ್ ಬತ್ತದೆ?"

೨

ಡಾಕ್ಟರು ರಾತ್ರಿಯೆಲ್ಲ ಪುಸ್ತಕ ತಿರುವಿ, ಅಯೊಡೈಡ್ ಹನಿ ಕೊಡೋಣ ಎಂದರು. ನಾನು ವೈದ್ಯನಾಥೇಶ್ವರನನ್ನು ನೆನೆದು ಬೆರೆಸಿದೆ. ಮೂಕಪ್ರಾಣಿಗೆ ಕೊಡುವುದನ್ನು ಮೊದಲು ತಾವು ನೋಡಬೇಕೆಂದು ಆ ಪುಣ್ಯಾತ್ಮರು ಒಂದು ಹನಿ ನಾಲಿಗೆಗೆ ಹಾಕಿಕೊಂಡರು. ಕಿಲುಬು ಹಿಡಿದ ಹಿತ್ತಾಳೆ ನೆಕ್ಕಿದಂತಾದ ಅವರ ಮುಖ ಕಂಡ ಕರಿಯ ಮೇಜಿನ ಕೆಳಗೆ ಸೇರಿಕೊಂಡ.

ದಿನವೂ ಹಾಲಿನಲ್ಲಿ ಹಾಕಿ ಕೊಡಿ ಎಂದು ಅವ್ವನ ಕೈಗೆ ಸೀಸೆ ಕೊಟ್ಟೆವು.

೩

ತಿಂಗಳಾಯಿತು, ಹುಣ್ಣು ಹಾಗೇ ಇತ್ತು. ಯುಗಾದಿಗೆ ಎರಡೇ ವಾರ. ಅವ್ವ, ಮಗ, ಸೊಸೆ ಮೂವರೂ ಬಂದಿದ್ದರು. ಮೂವರಿಗೂ ಮೂಗು ಸುರಿಯುತ್ತಿತ್ತು, ಕಣ್ಣು ಕೆಂಪಾಗಿತ್ತು. ಡಾಕ್ಟರು ಒಬ್ಬೊಬ್ಬರನ್ನೇ ನೋಡಿದರು. ಈ ಔಷಧಿ ಮೈಗೆ ಹೆಚ್ಚಾದರೆ ಹೀಗೇ ಆಗುವುದು. ಕರಿಯನ ಮೂಗು ಮಾತ್ರ ಒಣಗಿಯೇ ಇತ್ತು.

"ಅವ್ವಾ, ಆ ಹಾಲನ್ನ ಯಾರು ಕುಡಿದ್ರಿ?"

"ನಾಯಿ ಅಂದ್ರೆ ಭೈರವನ ವಾಹನ ಅಲ್ವಾ ಸ್ವಾಮಿ? ದೇವ್ರಿಗೆ ಇಡ್ದೆ ಕೊಡಾಕಾಯ್ತದಾ? ಎಡೆ ಇಟ್ಟು, ಕೂಸು ಒಂದ್ ಬಿಟ್ಟು ಎಲ್ರಿಗೂ ಒಂದೊಂದ್ ಲೋಟ ಪ್ರಸಾದ. ಮಿಕ್ಕಿದ್ದು ಕರಿಯಂಗೆ."

ಡಾಕ್ಟರು ಬೈಯಲಿಲ್ಲ, ಕೈಮುಗಿದರು. ದೇವರಿಗೆ ಬರೀ ಹಾಲಿಡಿ, ಪ್ರಸಾದ ಹಂಚಿ, ಆಮೇಲೆ ಕರಿಯನ ಪಾಲಿಗಷ್ಟೇ ಹನಿ ಹಾಕಿ ಎಂದರು. ಭಕ್ತಿಯೂ ಉಳಿಯಿತು, ನಾಯಿಯೂ ಉಳಿಯಿತು. ಯುಗಾದಿ ಹೊತ್ತಿಗೆ ಹುಣ್ಣು ಒಣಗುತ್ತ ಬಂದು, ಮಗನೇ ಕರಿಯನಿಗೆ ಒಬ್ಬಟ್ಟು ತಿನ್ನಿಸಿದನಂತೆ.

ಆದರೆ ಆ ದಿನದ ವಿಚಾರಣೆ ಅಲ್ಲಿಗೆ ಮುಗಿಯಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿ, ನಿಮ್ಮ ಮೂಗು ಯಾಕೆ ಸುರೀತಿದೆ ಎಂದರು. ವಾರಕ್ಕೆರಡು ಸಲ ಹುಣ್ಣು ನೋಡಿ ಬರಲು ಅವರೇ ನನ್ನನ್ನು ಕಳಿಸುತ್ತಿದ್ದರು. ಹೋದ ಮನೆಯಲ್ಲಿ ಪ್ರಸಾದ ಬೇಡವೆನ್ನುವುದು ಹೇಗೆ?

"ಔಷಧಿ ಬೆರೆಸಿದವರು ನೀವೇ. ಕುಡಿಯುವಾಗ ರುಚಿ ಗೊತ್ತಾಗಲಿಲ್ವೇನ್ರೀ?"

"ಗೊತ್ತಾಯ್ತು ಸಾರ್. ಹಿತ್ತಾಳೆ ಪಾತ್ರೆಯ ಕಲಾಯಿ ಹೋಗಿದೆ, ಹಾಕಿಸಿ ಅಂತ ಹೇಳಿ ಬಂದೆ."

ಅವ್ವ ಮೂಗು ಒರೆಸಿಕೊಂಡು ನನ್ನ ಪರ ಸಾಕ್ಷಿ ನುಡಿದರು. "ಎಲ್ಡು ಸಲ ಹಾಕ್ಸಿದೆ ಸ್ವಾಮಿ."