ಊಟಕ್ಕೂ ಟ್ಯೂಷನ್ನು

ಮಗು ಬೆಳ್ಳಗಿದ್ದರೆ ಅದು ತಂದೆಯ ಕಡೆಯ ಬಣ್ಣ. ಚುರುಕಾಗಿದ್ದರೆ ತಾತನ ಬುದ್ಧಿ. ಕಂಡವರನ್ನೆಲ್ಲ ನೋಡಿ ನಕ್ಕರೆ ಅಜ್ಜಿ ಹಾಕಿದ ಎಣ್ಣೆನೀರಿನ ಪುಣ್ಯ. ಊಟ ಮಾಡದಿದ್ದರೆ ಮಾತ್ರ ಆ ಮಗು ಅಡಿಯಿಂದ ಮುಡಿಯವರೆಗೂ ತಾಯಿಯದು. ಈ ಕಾನೂನನ್ನು ಯಾವ ಪುಣ್ಯಾತ್ಮ ಬರೆದನೋ ನನಗೆ ತಿಳಿಯದು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಅದು ನನ್ನ ಮಗಳು ಸಿಂಚನಳಿಗೆ ಮೊದಲ ಅನ್ನ ತಿನ್ನಿಸಿದ ದಿನದಿಂದ ಜಾರಿಯಲ್ಲಿದೆ. ಅಂದು ಒಂದು ಅಗುಳು ನಾಲಿಗೆಗೆ ತಾಗಿದ್ದೇ ತಡ, ಅವಳು ಓಕರಿಸಿ, ಕುಡಿದ ಹಾಲನ್ನೆಲ್ಲ ಹೊಸ ಲಂಗದ ಮೇಲೆ ಕಕ್ಕಿಬಿಟ್ಟಳು. "ಬಸುರೀಲಿ ಇವ್ಳು ನೆಟ್ಟಗೆ ಏನೂ ತಿನ್ಲಿಲ್ಲ, ಅದ್ಕೇ ಮಗೂಗೂ ಬಾಯಿ ರುಚಿ ಇಲ್ಲ" ಎಂದು ನಮ್ಮತ್ತೆ ಅಲ್ಲೇ ತೀರ್ಪು ಕೊಟ್ಟರು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಮೂರು ವರ್ಷ ತುಂಬಿದರೂ ಸಿಂಚನ ನುಣ್ಣಗೆ ಸೋಸಿದ ರಾಗಿ ಸರಿ, ಹಾಲು, ಮಿಕ್ಸಿಯಲ್ಲಿ ಗಂಧದಂತೆ ಅರೆದ ಅನ್ನ ಬೇಳೆ ಬಿಟ್ಟು ಇನ್ನೇನನ್ನೂ ಮುಟ್ಟುತ್ತಿರಲಿಲ್ಲ. ಅರೆಯುವಾಗ ಒಂದು ಚೂರು ಉಳಿದುಬಿಟ್ಟರೆ ಬಟ್ಟಲು ಬಟ್ಟಲೇ ವಾಪಸ್ಸು ಬರುತ್ತಿತ್ತು. ಬಾಯೊಳಗೆ ಹೋದ ತುತ್ತನ್ನು ಕೆನ್ನೆಯಲ್ಲಿ ಅಡಗಿಸಿಕೊಂಡು ಒಂದು ಧಾರಾವಾಹಿ ಮುಗಿಯುವವರೆಗೂ ಕೂತಿರುತ್ತಿದ್ದಳು. ನೀರು ಕುಡಿಸಿದರೆ ಕೆಮ್ಮು. ನಾವು ಇದನ್ನೆಲ್ಲ ಸೇರಿಸಿ ಹಠ ಎಂಬ ಒಂದೇ ಹೆಸರಿಟ್ಟಿದ್ದೆವು. ಹಠಕ್ಕೆ ಮದ್ದು ಅತ್ತೆಯವರ ಬಳಿ ಇತ್ತು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಎರಡು ಕೈಯನ್ನೂ ತೊಡೆಯ ಸಂದಿಗೆ ಸೇರಿಸಿ, ಮೂಗು ಹಿಡಿಯುವುದು. ಮೂಗು ಹಿಡಿದರೆ ಬಾಯಿ ತೆರೆಯಲೇಬೇಕು, ತೆರೆದರೆ ರಾಗಿ ಸರಿ ಒಳಗೆ ಹೋಗಲೇಬೇಕು. "ನಿನ್ ಗಂಡ ಬೆಳೆದದ್ದೂ ಹಿಂಗೇ ಕಣಮ್ಮ" ಎನ್ನುತ್ತಿದ್ದರು. ಗಂಡನ ಕಡೆ ನೋಡಿದರೆ ವಾದ ಮುಂದುವರಿಸುವುದು ಕಷ್ಟ. ಅವರು ಬಾಗಿಲು ತುಂಬುವಂತೆ ಬೆಳೆದಿದ್ದಾರೆ. ನನ್ನ ವಿಧಾನ ಆಧುನಿಕ. ಫೋನಿನಲ್ಲಿ ಕುಣಿಯುವ ಆನೆಯನ್ನು ಹಾಕಿ, ಅವಳು ಬಾಯಿ ಬಿಟ್ಟುಕೊಂಡು ನೋಡುವಾಗ ಕಳ್ಳತನದಿಂದ ಚಮಚ ತೂರಿಸುವುದು. ಎರಡು ವಿಧಾನದಲ್ಲೂ ಮಗು ಊಟ ಮಾಡುತ್ತಿರಲಿಲ್ಲ, ಊಟವನ್ನು ಅವಳೊಳಗೆ ತುಂಬಲಾಗುತ್ತಿತ್ತು. ಹೋದ ವರ್ಷದ ಫ್ರಾಕು ಈ ವರ್ಷವೂ ಸಡಿಲವಾಗೇ ಇತ್ತು.

ನಾನು ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಸೂಪರ್‌ವೈಸರ್. ಕಾಲರಿನ ಹೊಲಿಗೆ ಒಂದು ನೂಲಿನಷ್ಟು ಸೊಟ್ಟಗಿದ್ದರೂ ಕಣ್ಣಿಗೆ ಬೀಳುತ್ತದೆ, ಶರ್ಟು ವಾಪಸ್ಸು ಹೋಗುತ್ತದೆ. ಆದರೆ ಮನೆಯಲ್ಲಿ ನಾನು ಯಾವ ತಪ್ಪನ್ನು ತೋರಿಸಿದರೂ ಅದು ಕಡೆಗೆ ನನ್ನದೇ ಆಗಿ ವಾಪಸ್ಸು ಬರುತ್ತಿತ್ತು. ಮಗು ಬಡವಾಗಿದೆ ಅಂದರೆ ನಾನು ಕೆಲಸಕ್ಕೆ ಹೋಗುವುದರಿಂದ. ವಾಂತಿ ಮಾಡಿತು ಅಂದರೆ ನನ್ನ ಕೈಗುಣದಿಂದ. ಕೆಮ್ಮಿತು ಅಂದರೆ ದೃಷ್ಟಿಯಿಂದ, ಆ ದೃಷ್ಟಿ ತಗುಲಿದ್ದು ನಾನು ಅವಳಿಗೆ ಚೆನ್ನಾಗಿ ಬಟ್ಟೆ ಹಾಕಿದ್ದರಿಂದ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಹಾಕಿ ಇಡೀ ಮನೆ ಕೆಮ್ಮಿತು. ಒಂದು ತಾಯತವೂ ಬಂತು. ಡಾಕ್ಟರೊಬ್ಬರು ಮಗುವಿನ ಮುಖವನ್ನೂ ನೆಟ್ಟಗೆ ನೋಡದೆ, "ಆಟ ಆಡ್ಕೊಂಡಿದಾಳಲ್ಲ, ಹಸಿವಾದ್ರೆ ತಾನೇ ತಿಂತಾಳೆ ಬಿಡಮ್ಮ" ಎಂದು ಹಸಿವಿನ ಟಾನಿಕ್ ಬರೆದರು. ಹಸಿವಾಯಿತು. ಮೊದಲು ಹಸಿವಿಲ್ಲದೆ ಅಳುತ್ತಿದ್ದ ಮಗು ಈಗ ಹಸಿದು ಅಳತೊಡಗಿತು.

ನನ್ನ ಕಣ್ಣು ತೆರೆದದ್ದು ಹತ್ತಿರದ ಹಳ್ಳಿ ರಾಜಘಟ್ಟದಲ್ಲಿ. ನಮ್ಮತ್ತೆಯ ತಂಗಿ ಜಯಮ್ಮನವರ ಮೊಮ್ಮಗನಿಗೆ ಒಂದು ವರ್ಷ ತುಂಬಿದ್ದಕ್ಕೆ ಊಟಕ್ಕೆ ಕರೆದಿದ್ದರು. ಆ ಕೂಸು ಇರುವ ನಾಲ್ಕೇ ಹಲ್ಲಿನಲ್ಲಿ ಕೋಡುಬಳೆಯೊಂದನ್ನು ಹಿಡಿದು, ಇಲಿ ತೆಂಗಿನಕಾಯಿ ಕೆರೆದಂತೆ ಕೆರೆಯುತ್ತಿತ್ತು. ಸಿಂಚನ ಅದರ ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ಯಾರೂ ಹೇಳದೆಯೇ ತಟ್ಟೆಗೆ ಕೈ ಹಾಕಿ ಒಂದು ಚೂರು ತೆಗೆದುಕೊಂಡು ಬಾಯಿಗಿಟ್ಟುಕೊಂಡಳು. ಅವಳು ಬಾಯಿ ಮುಚ್ಚಿದಳು. ಅಷ್ಟೇ. ಮುಂದೇನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ದವಡೆ ಅಲುಗಲಿಲ್ಲ. ಆ ಚೂರು ಬಾಯಲ್ಲಿ ನೆನೆಯುವುದನ್ನು ಕಾಯುತ್ತಾ ನನ್ನನ್ನೇ ನೋಡಿದಳು, ಕಣ್ಣಲ್ಲಿ ನೀರು ತುಂಬಿತು, ಆಮೇಲೆ ಓಕರಿಸಿ ಕಾರಿಕೊಂಡಳು. "ನೋಡ್ದಾ, ಎಷ್ಟು ಕೊಬ್ಬು ಅಂತ. ತಾನೇ ತಗೊಂಡು ತಾನೇ ಉಗೀತಾಳೆ" ಎಂದರು ಜಯಮ್ಮ. ಹಠ ಮಾಡುವ ಮಗು ತಾನಾಗಿ ಕೈ ಚಾಚುವುದಿಲ್ಲ ಎಂದು ನನಗೆ ಆಗ ಹೊಳೆಯಿತು. ಅವಳಿಗೆ ತಿನ್ನುವ ಆಸೆ ಇತ್ತು, ತಿನ್ನಲು ಬರುತ್ತಿರಲಿಲ್ಲ. ಈಜು ಬಾರದ ಮಗುವನ್ನು ನಾವು ಮೂರು ವರ್ಷದಿಂದ ಬಾವಿಗೆ ತಳ್ಳಿ ತಳ್ಳಿ, ಹಠ ಮಾಡಿ ಮುಳುಗುತ್ತಿದೆ ಅನ್ನುತ್ತಿದ್ದೆವು.

ಮಾರನೇ ದಿನ ರಜೆ ಹಾಕಿ ಬೇರೆ ಡಾಕ್ಟರ ಹತ್ತಿರ ಹೋದೆ. ಆಕೆ ಮೊದಲು ಕೇಳಿದ್ದು, ಒಂದು ಹೊತ್ತಿನ ಊಟಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಎಂದು. "ಮೇಡಂ, ತಿಂಡಿ ಮುಗಿಯೋ ಹೊತ್ತಿಗೆ ಮಧ್ಯಾಹ್ನದ ಊಟ ಶುರುವಾಗತ್ತೆ" ಎಂದು ನಕ್ಕೆ. ಆಕೆ ನಗಲಿಲ್ಲ. ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾಳಾ, ನೀರಿಗೆ ಕೆಮ್ಮುತ್ತಾಳಾ, ಚೂರು ಸಿಕ್ಕರೆ ಓಕರಿಸುತ್ತಾಳಾ, ಬಟ್ಟಲು ಕಂಡರೇ ಅಳುತ್ತಾಳಾ ಎಂದು ಒಂದೊಂದಾಗಿ ಕೇಳಿದರು. ನಮ್ಮ ಅಡುಗೆಮನೆಯಲ್ಲಿ ಯಾರೋ ಅಡಗಿ ಕೂತು ನೋಡಿ ಇವರಿಗೆ ಹೇಳಿರಬೇಕು ಅನ್ನಿಸಿತು. ತೂಕ ನೋಡಿ, "ಇನ್ನು ಕಾಯೋ ಹಾಗಿಲ್ಲ. ಇದು ಹಠ ಅಲ್ಲ, ಬಾಯಿಗೆ ಕೆಲಸ ಗೊತ್ತಿಲ್ಲ. ಅಗಿದು ನುಂಗೋದನ್ನ ಕಲಿಸೋ ಫೀಡಿಂಗ್ ಥೆರಪಿ ಬೇಕು" ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ದುಃಖಕ್ಕಲ್ಲ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಮೇಲೆ ತಪ್ಪು ಹೊರಿಸದೆ ನನ್ನ ಮಗಳ ಬಗ್ಗೆ ಮಾತಾಡಿದ್ದರು.

ಮನೆಯಲ್ಲಿ ಹೇಳಿದಾಗ ಅತ್ತೆ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟರು. "ಓದೋಕೆ ಟ್ಯೂಷನ್ ಕೇಳಿದ್ದೆ. ಉಣ್ಣೋಕೂ ಟ್ಯೂಷನ್ನಾ? ಹಸು ಕರೂಗೆ ಯಾವನಪ್ಪ ಹೇಳ್ಕೊಟ್ಟ ಮೇಯೋಕೆ?" ಸೋಂಪುರದ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬಂದ ನನ್ನ ಗಂಡ ಮಂಜುನಾಥ ಎಂದಿನಂತೆ ನ್ಯಾಯ ಹೇಳಿದರು: "ಅಮ್ಮ ಹೇಳೋದೂ ಸರಿ. ನೀನ್ ಹೇಳೋದೂ ಸರಿ." ಹೀಗೆ ಎರಡು ಕಡೆಗೂ ಸರಿ ಅನ್ನುವ ಗಂಡಸನ್ನು ಊರಿನವರು ಒಳ್ಳೆಯವನು ಎನ್ನುತ್ತಾರೆ. ಅಂಥ ಒಳ್ಳೆಯತನವನ್ನು ಕಟ್ಟಿಕೊಂಡವಳಿಗೇ ಗೊತ್ತು ಅದರ ಭಾರ. ಕಡೆಗೆ ನಾನು ಹೋಗುತ್ತೇನೆ ಅಂದೆ, ಅತ್ತೆ ತಾವೂ ಬರುತ್ತೇನೆ ಅಂದರು. ನನ್ನ ಬೆಂಬಲಕ್ಕಲ್ಲ, ಸಾಕ್ಷಿಗೆ.

ಇಲ್ಲಿ ಮುದ್ದೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ನನ್ನ ನಾದಿನಿಯ ಗಂಡ ಧಾರವಾಡದ ಕಡೆಯವರು. ಮದುವೆಯಾದ ಹೊಸತರಲ್ಲಿ ಪಾಪ, ಮುದ್ದೆಯನ್ನು ಚೂಯಿಂಗ್ ಗಮ್ಮಿನಂತೆ ಅಗಿದು ಅಗಿದು ಹಲ್ಲಿಗೆಲ್ಲ ಮೆತ್ತಿಕೊಂಡು ಕೂತಿದ್ದರು. ಇವತ್ತಿಗೂ ಅವರಿಗೆ ನಮ್ಮಲ್ಲಿ ಮುದ್ದೆ ಅಗಿಯೋ ಅಳಿಯ ಎಂದೇ ಹೆಸರು. ಇಂಥ ಮನೆಯಲ್ಲಿ ಮಗು ನುಂಗುತ್ತದೋ ಇಲ್ಲವೋ ಎಂದು ಎಲ್ಲರೂ ನೋಡುತ್ತಾರೆ. ಅಗಿಯುತ್ತದೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ.

ಥೆರಪಿಸ್ಟ್ ಚಿಕ್ಕ ವಯಸ್ಸಿನ ಹುಡುಗಿ. ಯಲಹಂಕದ ದಾರಿಯಲ್ಲಿದ್ದ ಆಸ್ಪತ್ರೆಯಲ್ಲಿ ಅವಳದೊಂದು ಪುಟ್ಟ ಕೋಣೆ. ಮೊದಲ ದಿನ ಅವಳು ಬೇಯಿಸಿದ ಆಲೂಗಡ್ಡೆಯನ್ನು ಮೇಜಿನ ಮೇಲೆ ಹರಡಿ, ಸಿಂಚನಳ ಕೈಗೆ ಮೆತ್ತಿ, ತಾನೂ ಮೆತ್ತಿಕೊಂಡು ಆಟವಾಡಿದಳು, ಅಷ್ಟೇ. "ಅನ್ನ ಚೆಲ್ಲಾಡಿದ್ರೆ ನಮ್ಮನೇಲಿ ಕೈ ಮೇಲೆ ಹೊಡೀತಿದ್ರು. ಇಲ್ಲಿ ಕೈ ಹಿಡಿದು ಕಲಿಸ್ತಾರೆ" ಎಂದು ಅತ್ತೆ ಗೊಣಗಿದರು. ಮೂಗು ಹಿಡಿಯುವುದು, ಫೋನು ತೋರಿಸುವುದು ಎರಡೂ ಅವತ್ತೇ ನಿಲ್ಲಬೇಕು, ಮಗುವಿಗೆ ಊಟವೆಂದರೆ ಭಯವಾಗಿದೆ ಎಂದಳು ಆ ಹುಡುಗಿ. ಮುಂದಿನ ಸಲ ಮನೆ ಊಟವನ್ನೇ ಕಟ್ಟಿಕೊಂಡು ಬನ್ನಿ, ನೀವು ತಿನ್ನಿ, ಅವಳು ನೋಡಲಿ ಎಂದಳು.

ಅತ್ತೆ ಮುದ್ದೆ, ಬಸ್ಸಾರು, ಪಲ್ಯ ಕಟ್ಟಿಸಿದರು. ಅಲ್ಲಿ ಕೂತು ಗಂಭೀರವಾಗಿ ಮುರಿದು, ಅದ್ದಿ, ಗುಳುಂ ಎಂದು ನುಂಗಿದರು. ಹುಡುಗಿ ಕಾದಳು. ಇನ್ನೊಂದು ತುತ್ತು. ಗುಳುಂ. "ಅಜ್ಜಿ, ಅಗಿಯಲ್ವಾ?" ಎಂದಳು. "ಮುದ್ದೇನ ಯಾರಾದ್ರೂ ಅಗೀತಾರಾ ತಾಯಿ?" ಅವಳು ನನ್ನ ಕಡೆ ತಿರುಗಿ, "ಹಾಗಾದ್ರೆ ನೀವು ಪಲ್ಯ ತಿನ್ನಿ" ಎಂದಳು. ಹುರುಳಿಕಾಯಿ ಪಲ್ಯವನ್ನು ಬಾಯಿಗಿಟ್ಟುಕೊಂಡೆ. ಸಿಂಚನ ಆಟ ಬಿಟ್ಟು ಎದ್ದು ಬಂದು, ನನ್ನ ಮುಖದ ಹತ್ತಿರ ಮುಖ ತಂದು ನಿಂತಳು. ಕಿವಿಯ ಕೆಳಗೆ ದವಡೆ ಏಳುತ್ತಾ ಇಳಿಯುತ್ತಾ ಇರುವುದನ್ನು ವಿಚಿತ್ರ ಪ್ರಾಣಿಯನ್ನು ನೋಡುವಂತೆ ನೋಡಿದಳು. "ಮನೇಲಿ ನೀವು ಇವಳ ಜೊತೆ ಊಟ ಮಾಡಲ್ವಾ?" ಎಂದು ಕೇಳಿದಳು ಹುಡುಗಿ. ಉತ್ತರ ಹೇಳಲು ಹೊರಟೆ. ಬೆಳಿಗ್ಗೆ ತಿಂಡಿ ಕಾರ್ಖಾನೆಯ ಬಸ್ಸಿನಲ್ಲಿ. ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಗಂಟೆ ಬಾರಿಸುವುದರೊಳಗೆ. ರಾತ್ರಿ ಎಲ್ಲರದೂ ಆಗಿ, ಮಗು ಮಲಗಿದ ಮೇಲೆ, ಒಲೆಕಟ್ಟೆಯ ಹತ್ತಿರ ನಿಂತುಕೊಂಡು, ತಳದಲ್ಲಿ ಉಳಿದದ್ದು. ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾಯಿತು, ನನ್ನ ಮಗಳು ಹುಟ್ಟಿದಂದಿನಿಂದ ತಾಯಿ ಊಟ ಮಾಡಿದ್ದನ್ನೇ ನೋಡಿಲ್ಲ. "ನಾವೂ ಹಂಗೇ ಉಂಡಿದ್ದು" ಎಂದರು ಅತ್ತೆ.

ಅಂದಿನಿಂದ ಮನೆಯಲ್ಲಿ ಹೊಸ ಪದ್ಧತಿ. ಸಿಂಚನಳ ಎದುರಿಗೆ ನಾನೂ ತಟ್ಟೆ ಹಾಕಿಕೊಂಡು ಕೂರಬೇಕು. ತಿನ್ನು ಎಂದು ಹೇಳಬಾರದು. ಅವಳು ಏಳುವ ತನಕ ನಾನು ಏಳಬಾರದು, ಅವಳಿಗೆ ಕಾಣುವಂತೆ ಅಗಿಯುತ್ತಲೇ ಇರಬೇಕು. "ಗಂಡ ಇನ್ನೂ ಬಂದಿಲ್ಲ, ಆಗ್ಲೇ ತಟ್ಟೆ ಹಾಕ್ಕೊಂಡು ಕೂತವ್ಳೆ" ಎಂದು ಅತ್ತೆ ಮೊದಮೊದಲು ಗೋಡೆಗೆ ಹೇಳಿದರು. ಆಮೇಲೆ ತಾವೇ ಬಡಿಸತೊಡಗಿದರು. ತಿಂಗಳುಗಳು ಕಳೆದವು. ಮೆತ್ತಗೆ ಬೆಂದ ಕ್ಯಾರೆಟ್ಟನ್ನು ಸಿಂಚನ ಮೊದಲು ಮೂಸಿದಳು, ಆಮೇಲೆ ನೆಕ್ಕಿದಳು, ಆಮೇಲೆ ಉಗಿದಳು. ಒಂದು ದಿನ ಇಡ್ಲಿಯ ಚೂರನ್ನು ಹಲ್ಲಿನ ನಡುವೆ ಇಟ್ಟು ಒತ್ತಿದಳು. ದವಡೆ ಅಲುಗಿತು. ಅವಳು ಒಂದು ಚೂರು ಇಡ್ಲಿಯನ್ನು ಮುಗಿಸುವಷ್ಟರಲ್ಲಿ ನಾನು ಮೂರು ಇಡ್ಲಿ ಮುಗಿಸಿರುತ್ತೇನೆ. ಪರಿಣಾಮವಾಗಿ ಅವಳ ತೂಕ ಸ್ವಲ್ಪ ಏರಿದೆ, ನನ್ನದು ಧಾರಾಳವಾಗಿ ಏರಿದೆ. ಮದುವೆಯ ಬ್ಲೌಸುಗಳೆಲ್ಲ ಒಳಹೊಲಿಗೆ ಬಿಚ್ಚಿಸಿಕೊಂಡು ಬಂದಿವೆ.

ಮೊನ್ನೆ ಭಾನುವಾರ ಜಯಮ್ಮ ಬಂದಿದ್ದರು. ನಾವು ತಾಯಿ ಮಗಳು ಎದುರುಬದುರು ಕೂತಿದ್ದೆವು. ಸಿಂಚನ ಅನ್ನದ ಒಂದು ಪುಟ್ಟ ತುತ್ತನ್ನು, ಅರೆಯದ ಅನ್ನ, ಬಾಯಿಗಿಟ್ಟುಕೊಂಡು ಹುಬ್ಬು ಗಂಟಿಕ್ಕಿ ಕೆಲಸ ಮಾಡುತ್ತಿದ್ದಳು. ಜಯಮ್ಮ ಅವಳ ತೋಳಿನ ತಾಯತವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ನಾನ್ ಕೊಡ್ಸಿದ್ದು ಕೈ ಹಿಡೀತು ನೋಡು" ಎಂದರು. ಆಮೇಲೆ ನನ್ನ ತಟ್ಟೆ ನೋಡಿದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ಲಾ ಕಣಮ್ಮ, ಮಗೂಗೆ ಇಕ್ಕಿದ್ದನ್ನೆಲ್ಲ ನೀನೇ ತಿಂದ್ರೆ ಅದಾದ್ರೂ ಹೆಂಗೆ ದಪ್ಪ ಆಗತ್ತೆ?"

ಕೊನೆಗೂ ಉತ್ತರ ಕೊಡುವ ಗಳಿಗೆ ಬಂದಿತ್ತು. ಮೂರು ವರ್ಷದ ಸಿಟ್ಟು ನಾಲಿಗೆಯ ತುದಿಯಲ್ಲಿತ್ತು. ಮಾತು ಸಿದ್ಧವಾಗಿತ್ತು, ಒಳ್ಳೆಯ ಮಾತು, ಕೇಳಿದವರು ನಮ್ಮ ಮನೆ ಮೆಟ್ಟಿಲು ಮತ್ತೆ ಹತ್ತದಂಥ ಮಾತು. ಆದರೆ ಬಾಯಿ ತುಂಬ ಅನ್ನವಿತ್ತು, ಎದುರಿಗೆ ಸಿಂಚನ ನನ್ನ ದವಡೆಯನ್ನೇ ನೋಡುತ್ತಾ ಅಗಿಯುತ್ತಿದ್ದಳು. ನಾನು ನಿಲ್ಲಿಸಿದರೆ ಅವಳೂ ನಿಲ್ಲಿಸುತ್ತಾಳೆ. ಜಯಮ್ಮ ಉತ್ತರಕ್ಕೆ ಕಾದರು. ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು. ನಾನು ತಲೆ ತಗ್ಗಿಸದೆ ಜಯಮ್ಮನ ಮುಖವನ್ನೇ ನೋಡುತ್ತಾ, ನಿಧಾನವಾಗಿ, ಅಗಿಯುತ್ತಲೇ ಇದ್ದೆ.