ಪೇಂಟ್ ಡಬ್ಬದಲ್ಲಿ ಪಥ್ಯ

"ಇವತ್ತಿಂದ ಈ ಮನೆಯ ಅಡುಗೆ ನನ್ನದು! ಹದಿನೈದೇ ದಿನ. ಡಾಕ್ಟರು ಮೂಗಿನ ಮೇಲೆ ಬೆರಳಿಟ್ಟುಕೊಳ್ಳಬೇಕು, ಹಾಗೆ ಬಿ.ಪಿ. ಇಳಿಸ್ತೀನಿ. ಅದೂ ಅರ್ಧ ಖರ್ಚಿನಲ್ಲಿ!"

ಶೇಡ್ ಮೇಷ್ಟ್ರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಹೊಲಿಗೆ ಮಷಿನ್ ಮುಂದೆ ಕೂತು ಯಾರದೋ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಿದ್ದರು. ತಲೆ ಎತ್ತಲಿಲ್ಲ. "ಹೂಂ" ಎಂದರು. ಇಂಥ ಘೋಷಣೆಗಳನ್ನು ಕೇಳಿ ಕೇಳಿ ಆ ಹೆಂಗಸಿನ ಕಿವಿಯೂ ದಣಿದಿತ್ತು.

ಮೇಷ್ಟ್ರು ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ. ಗೋಡೆಗೆ ಬಣ್ಣ ಬಳಿಯುವವರು. ಕೆನೆ ಬಣ್ಣಕ್ಕೂ ಮೊಸರು ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಕೇಳದವರಿಗೂ ಅರ್ಧ ಗಂಟೆ ವಿವರಿಸುವ ಚಟವಿದ್ದುದರಿಂದ ಜೊತೆಯವರು ಆ ಬಿರುದು ಕೊಟ್ಟಿದ್ದರು. ಹೋದ ತಿಂಗಳು ಏಣಿಯ ಮೇಲೆ ತಲೆ ಸುತ್ತಿ, ಕೆಳಗಿದ್ದವನ ಹೆಗಲಿಗೆ ಜೋತುಬಿದ್ದು ಬಚಾವಾದರು. ಕಂಟ್ರಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟ: "ಬಿ.ಪಿ. ಸರಿ ಇದೆ ಅಂತ ಡಾಕ್ಟರ ಚೀಟಿ ತನ್ನಿ, ಆಮೇಲೆ ಏಣಿ ಹತ್ತಿ. ಅಲ್ಲೀವರೆಗೆ ಕೆಳಗೆ ನಿಂತು ಶೇಡ್ ಕಲಸಿ." ಕೆಳಗೆ ನಿಂತವನಿಗೆ ಕೂಲಿಯೂ ಕೆಳಗೇ. ಉಪ್ಪು ಬಿಡಿ, ಎಣ್ಣೆ ಬಿಡಿ, ತರಕಾರಿ ತಿನ್ನಿ ಎಂದರು ಡಾಕ್ಟರು. ತರಕಾರಿ ಕೊಳ್ಳುವುದು ಯಾವ ದುಡ್ಡಿನಲ್ಲಿ ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮೇಷ್ಟ್ರಿಗೆ ಎರಡನೆಯದು ಎಂದೂ ಗೊತ್ತಿರಲಿಲ್ಲ. ಮೊದಲನೆಯದನ್ನು ಕಲಿಯಲು ಹೊರಟಿದ್ದೇ ಮುಂದಿನ ಅನಾಹುತಕ್ಕೆಲ್ಲ ಮೂಲ!

ಸಂತೆ ಮುಚ್ಚುವ ಹೊತ್ತಿಗೆ ಹೋದರೆ ತರಕಾರಿ ಅಗ್ಗ. ಆ ಸತ್ಯವನ್ನು ತಾವೇ ಕಂಡುಹಿಡಿದವರಂತೆ ಎದೆಯುಬ್ಬಿಸಿ ಹೋದ ಮೇಷ್ಟ್ರು, ಮಗುವಿನಂತೆ ಹೆಗಲ ಮೇಲೆ ಒಂದು ಕುಂಬಳಕಾಯಿಯನ್ನೂ, ಚೀಲದ ತುಂಬ ಬಾಡಿದ ಕ್ಯಾರೆಟ್ಟನ್ನೂ ಹೊತ್ತು ತಂದರು.

"ಇಷ್ಟನ್ನೂ ಯಾವಾಗ ತಿನ್ನೋದು?" ಎಂದರು ಹೆಂಡತಿ.

"ವಾರ ಪೂರ್ತಿ! ಒಂದೇ ಸಲ ಮಾಡಿಟ್ಟುಬಿಡ್ತೀನಿ. ಒಂದು ಮನೆಯ ಬಣ್ಣ ಒಂದೇ ಸಲ ಕಲಸಬೇಕು ಕಣೇ. ಇವತ್ತಿಷ್ಟು, ನಾಳೆ ಇಷ್ಟು ಅಂತ ಕಲಸಿದರೆ ಗೋಡೆಯೆಲ್ಲ ತೇಪೆ ತೇಪೆ."

"ಹೊಟ್ಟೆ ಗೋಡೆ ಅಲ್ಲ ಕಣ್ರೀ."

"ತತ್ವ ಒಂದೇ!"

ಅಷ್ಟು ದೊಡ್ಡ ಪಾತ್ರೆ ಮನೆಯಲ್ಲಿ ಒಂದೇ ಇತ್ತು, ಸ್ನಾನದ ನೀರು ಕಾಯಿಸುವುದು. ಅದನ್ನು ಉಜ್ಜಿ ಒಲೆಗೇರಿಸಿದರು. ಕುಂಬಳಕಾಯಿ, ಕ್ಯಾರೆಟ್, ಬೇಳೆ, ಬೆಳ್ಳುಳ್ಳಿ ಎಲ್ಲ ಬೆಂದು ಕರಗಿ ಸೂಪಾಯಿತು. ಉಪ್ಪು ಮಾತ್ರ ಒಂದು ಕಲ್ಲೂ ಇಲ್ಲ. ತರಕಾರಿಯಲ್ಲಿ ಉಳಿಸಿದ್ದನ್ನೆಲ್ಲ ಗ್ಯಾಸ್ ನುಂಗಿತು. ಬಣ್ಣವನ್ನು ಸೋಸದೆ ಬಳಿಯಬಾರದು ಎಂಬುದು ಅವರ ಇನ್ನೊಂದು ತತ್ವ. ಕೈಗೆ ಸಿಕ್ಕ ತೆಳುವಾದ ಬಿಳಿ ಬಟ್ಟೆಯಲ್ಲಿ ಸೂಪನ್ನು ಸೋಸಿದರು. ಅದು ಗಿರಾಕಿಯೊಬ್ಬಳ ಕೋಟಿನ ಲೈನಿಂಗ್ ಬಟ್ಟೆ ಎಂದು ಆಮೇಲೆ ಗೊತ್ತಾಯಿತು. ಹೆಂಡತಿ ಆ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಸುಮ್ಮನೆ ನೋಡಿದರು. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಿತವಾಗುತ್ತಿತ್ತು.

ತುಂಬಿಡುವುದು ಎಲ್ಲಿ? ಬಣ್ಣ ಕಲಸಲೆಂದು ತಂದಿಟ್ಟಿದ್ದ, ಇನ್ನೂ ಬಣ್ಣ ಮುಟ್ಟದ, ಬಿಗಿ ಮುಚ್ಚಳದ ಹೊಸ ಬಿಳಿ ಡಬ್ಬಗಳಿದ್ದವು. ಫ್ರಿಜ್ಜಿನ ತಟ್ಟೆಗಳನ್ನೆಲ್ಲ ಕಿತ್ತು ಡಬ್ಬಗಳನ್ನು ಜೋಡಿಸಿದರು. ಜೋಡಿಸುವ ಮುಂಚೆ, ಪೇಂಟರುಗಳೆಲ್ಲ ಮಾಡುವ ಹಾಗೆ, ಒಳಗಿರುವುದರಲ್ಲೇ ಬೆರಳು ಅದ್ದಿ ಪ್ರತಿ ಮುಚ್ಚಳದ ಮೇಲೂ ಒಂದೊಂದು ಬೊಟ್ಟು ಇಟ್ಟರು. ಮುಚ್ಚಳ ತೆಗೆಯದೆ ಒಳಗಿನ ಬಣ್ಣ ತಿಳಿಯಲು ಅದೇ ದಾರಿ. ಕೈ ರೂಢಿ!

ಮೊದಲ ದಿನ ಮೇಷ್ಟ್ರೂ ಮಗಳೂ ಕೂತು ಪೂರ್ತಿ ತಿಂದರು. ಎರಡನೆಯ ದಿನ ಮಗಳು ಬಟ್ಟಲನ್ನು ಹಿಂದಕ್ಕೆ ತಳ್ಳಿದಳು.

"ಅಪ್ಪಾ, ಇದಕ್ಕೆ ರುಚಿ ಯಾವಾಗ ಬರುತ್ತೆ?"

"ಆರೋಗ್ಯಕ್ಕೆ ರುಚಿ ಇರಲ್ಲ ಮಗಳೇ!"

ಹಾಗೆಂದವರು ತಮ್ಮ ಬಟ್ಟಲಲ್ಲೂ ಅರ್ಧ ಬಿಟ್ಟು, ಹೊಟ್ಟೆ ತುಂಬಿತು ಎಂದು ಎದ್ದರು.

ಇತ್ತ ಒಬ್ಬ ಮನೆಯೊಡತಿ ತನ್ನ ಊಟದ ಕೋಣೆಗೆ ಕಂಟ್ರಾಕ್ಟರು ತೋರಿಸಿದ ಬಣ್ಣವನ್ನೆಲ್ಲ ಬೇಡ ಬೇಡ ಎನ್ನುತ್ತಿದ್ದಳು. "ಬಿಸಿಲಿನ ಥರ ಇರಬೇಕು, ಆದರೆ ಕಣ್ಣು ಕುಕ್ಕಬಾರದು" ಎಂಬುದು ಅವಳ ಅಪ್ಪಣೆ. ಮೇಷ್ಟ್ರು ಮನೆಯಲ್ಲೇ ಕೂತು, ಜೀವ ತೇಯ್ದು, ಕಿತ್ತಳೆಯೂ ಅಲ್ಲದ ಹಳದಿಯೂ ಅಲ್ಲದ ಒಂದು ಶೇಡ್ ಕಲಸಿದರು. ಮುಚ್ಚಳಕ್ಕೆ ಬೊಟ್ಟಿಟ್ಟು, ಡಬ್ಬವನ್ನು ಅಡುಗೆಮನೆಯ ಕಿಟಕಿಯ ಕೆಳಗಿಟ್ಟರು. ಮರುದಿನ ಬೆಳಿಗ್ಗೆ ಹೆಂಡತಿ ಆ ಹೊತ್ತಿನ ಸೂಪಿನ ಡಬ್ಬವನ್ನು ಫ್ರಿಜ್ಜಿನಿಂದ ತೆಗೆದು, ತಣುಪು ಬಿಡಲಿ ಎಂದು ಅದರ ಪಕ್ಕದಲ್ಲೇ ಇಟ್ಟರು.

"ರೀ, ಇದರಲ್ಲಿ ಯಾವುದು ಪೇಂಟು? ಎರಡೂ ಒಂದೇ ಥರ ಇದೆಯಲ್ಲ."

ಮೇಷ್ಟ್ರು ನಕ್ಕರು. "ಒಂದೇ ಥರಾನಾ? ನೀನು ಹೇಳಿದ್ದಕ್ಕೆ ಸರಿಹೋಯ್ತು. ಬೇರೆ ಪೇಂಟರ ಕಿವಿಗೆ ಬಿದ್ದಿದ್ದರೆ ನನ್ನ ಮರ್ಯಾದೆ ಏನಾಗ್ತಿತ್ತು! ಶೇಡ್ ನೋಡೇ, ಶೇಡ್! ಅಜಗಜಾಂತರ!" ಎನ್ನುತ್ತ, ಅಜವನ್ನು ಬಿಟ್ಟು ಗಜವನ್ನು ಎತ್ತಿಕೊಂಡು ಬಸ್ಸು ಹತ್ತಿದರು.

ಕೆಲಸದ ಮನೆಯಲ್ಲಿ ಏಣಿಯ ಮೇಲಿದ್ದ ಪೇಂಟರು ಡಬ್ಬಕ್ಕೆ ಬ್ರಶ್ ಅದ್ದಿ, ಗೋಡೆಯ ಮೇಲೆ ಒಂದು ಚೌಕ ಬಳಿದ. ಮನೆಯೊಡತಿ ಎರಡು ಹೆಜ್ಜೆ ಹಿಂದೆ ಸರಿದಳು. ಕತ್ತು ವಾರೆ ಮಾಡಿದಳು. ಕೈ ಜೋಡಿಸಿದಳು.

"ಇದೇ! ಇಷ್ಟು ದಿನ ನಾನು ಬಾಯಿ ಬಡ್ಕೊಂಡಿದ್ದು ಇದಕ್ಕೇ! ಎಲ್ಲಿಟ್ಟಿದ್ದಿರಿ ಇದನ್ನ?"

ಮೇಷ್ಟ್ರು ಕಂಟ್ರಾಕ್ಟರ ಕಡೆ ನೋಡಿದರು. ಆ ನೋಟದಲ್ಲಿ ಒಂದು ಸಾಮ್ರಾಜ್ಯವನ್ನು ಗೆದ್ದ ಗತ್ತಿತ್ತು.

"ಮೇಷ್ಟ್ರೇ," ಏಣಿಯ ಮೇಲಿಂದ ದನಿ ಬಂತು, "ಈ ಪೇಂಟಿಗೆ ಬೆಳ್ಳುಳ್ಳಿ ಯಾಕೆ ಹಾಕಿದ್ದೀರಿ?"

ಅದೇ ಕ್ಷಣಕ್ಕೆ ಫೋನು ಬಡಿದುಕೊಂಡಿತು. ಹೆಂಡತಿ. ಮದುವೆಯಾದಾಗಿನಿಂದ ದನಿ ಏರಿಸದ ಹೆಂಡತಿ!

"ಒಲೆ ಮೇಲಿಟ್ಟು ಮಷಿನ್ ಹತ್ತಿರ ಹೋಗಿದ್ದೆ ಕಣ್ರೀ! ವಾಸನೆಗೆ ಓಡಿ ಬಂದು ನೋಡಿದರೆ ಪೇಂಟು ಕೊತಕೊತ ಕುದೀತಿದೆ! ಮಗು ಬಟ್ಟಲು ಹಿಡ್ಕೊಂಡು ಕೂತಿತ್ತು, ಗೊತ್ತಾ ನಿಮಗೆ? ಮಗು!"

"ಕುಡಿದಿಲ್ಲ ತಾನೇ?" ಎಂದು ಮೇಷ್ಟ್ರು ಎರಡೆರಡು ಸಲ ಕೇಳಿದರು. ಕಂಟ್ರಾಕ್ಟರು ಗೋಡೆಯ ಚೌಕವನ್ನು ಬೆರಳಲ್ಲಿ ಒರೆಸಿ, ಮೂಸಿ, ನಾಲಿಗೆಗೂ ಮುಟ್ಟಿಸಿ, "ಉಪ್ಪಿಲ್ಲ" ಎಂದ. ಆಮೇಲೆ ಬಾಯಿಗೆ ಬಂದದ್ದನ್ನೆಲ್ಲ ಅಂದ. ಕೊನೆಯ ಮಾತು ಇದು: "ಶೇಡ್ ಕೆಲಸಾನೂ ಬೇಡ, ಏನೂ ಬೇಡ. ಚೀಟಿ ತಂದರೆ ಏಣಿ. ಇಲ್ಲ ಅಂದರೆ ಮನೇಲಿರಿ."

ಈಗ ಉಳಿದದ್ದು ಡಾಕ್ಟರೊಬ್ಬರೇ. ಮೇಷ್ಟ್ರು ಉಳಿದ ದಿನಗಳನ್ನು ಬಾಯಿ ಮುಚ್ಚಿಕೊಂಡು, ಅದೇ ಸೂಪಿಗೆ ಮಾತ್ರ ಬಾಯಿ ತೆರೆದು ಕಳೆದರು. ಸೂಪು ಮುಗಿದರೆ ಮತ್ತೆ ಸಂತೆ, ಮತ್ತೆ ಕುಂಬಳಕಾಯಿ. ಬಸ್ಸಿಗೆ ದುಡ್ಡಿಲ್ಲದೆ ಹೋಗಿಬರುವುದೆಲ್ಲ ಕಾಲ್ನಡಿಗೆ. ಚೀಟಿ ಸಿಗದಿದ್ದರೆ ಮಗಳ ಫೀಸಿಗೆ ಏನು ಗತಿ ಎಂದು ನೆನೆದರೆ ಹೆದರಿಕೆಯಾಗುತ್ತಿತ್ತು. ಹೆದರಿದರೆ ಬಿ.ಪಿ. ಏರುತ್ತದೆ ಎಂದು ಇನ್ನಷ್ಟು ಹೆದರುತ್ತಿದ್ದರು.

ಆಸ್ಪತ್ರೆಗೆ ಹೆಂಡತಿಯೂ ಬಂದರು. ಡಾಕ್ಟರು ಮೇಷ್ಟ್ರ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು, ಬಿಟ್ಟರು, ನಂಬಿಕೆ ಬಾರದೆ ಮತ್ತೊಮ್ಮೆ ತುಂಬಿದರು.

"ಅದ್ಭುತ! ಎಷ್ಟು ಚೆನ್ನಾಗಿ ಇಳಿದಿದೆ! ಹತ್ತಿ ನಿಮ್ಮ ಏಣಿ!"

ಚೀಟಿ ಕೈಗೆ ಬಂತು. ಮೇಷ್ಟ್ರ ಕಣ್ಣಲ್ಲಿ ನೀರೂ ಬಂತು. ಕೂಡಲೇ ಮಾತೂ ಬಂತು. "ನೋಡಿದೆಯಾ? ಇದಕ್ಕೇ ನಾನು ಹೇಳಿದ್ದು, ಒಂದೇ ಸಲ ಮಾಡಿಟ್ಟರೆ..."

"ನೀವೂ ಕೂತ್ಕೊಳ್ಳಿಮ್ಮ," ಡಾಕ್ಟರು ನಡುವೆ ಬಾಯಿ ಹಾಕಿದರು. "ಮುಖ ಯಾಕೋ ಕಳೆಗುಂದಿದೆ. ನಿಮ್ಮದೂ ನೋಡೋಣ."

ಪಟ್ಟಿ ಸುತ್ತಿದರು. ಈ ಸಲ ಅವರು ಅದ್ಭುತ ಎನ್ನಲಿಲ್ಲ.

"ಇವರದು ಇಳಿದಷ್ಟೂ ನಿಮ್ಮದು ಏರಿದೆಯಲ್ಲಮ್ಮ! ಊಟಕ್ಕೆ ಏನು ತಿಂತೀರಿ?"

"ಉಳಿದದ್ದು," ಎಂದರು ಹೆಂಡತಿ.

"ಅಂದರೆ?"

"ಮಗಳು ಬಿಟ್ಟಿದ್ದು, ಇವರು ಬಿಟ್ಟಿದ್ದು. ಚೆಲ್ಲೋಕೆ ಮನಸ್ಸು ಬರಲ್ಲ. ಸಪ್ಪೆ ಗಂಟಲಲ್ಲಿ ಇಳಿಯಲ್ಲ ಅಂತ ಮೇಲೆ ಉಪ್ಪು ಸುರ್ಕೊಂಡು ತಿಂದುಬಿಡ್ತೀನಿ."

ಮೇಷ್ಟ್ರು ಚೀಟಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆ ಹೆಂಗಸು ಊಟಕ್ಕೆ ಕೂತದ್ದನ್ನು ತಾವು ಎಂದು ನೋಡಿದ್ದು ಎಂದು ಯೋಚಿಸಿದರು. ನೆನಪಾಗಲಿಲ್ಲ. ನಾಚಿಕೆಯಾಯಿತು.

ಹೊರಗೆ ರಸ್ತೆಗೆ ಬಂದ ಮೇಲೆ ಗಂಟಲು ಸರಿಮಾಡಿಕೊಂಡರು. "ನಾಳೆಯಿಂದ ನೀನು ಅಡುಗೆಮನೆ ಕಡೆ ತಲೆ ಹಾಕಬೇಡ. ವಾರಕ್ಕಾಗುವಷ್ಟು ನಾನೇ..."

"ವಾರದ್ದು ಬೇಡ," ಎಂದರು ಹೆಂಡತಿ. "ಇವತ್ತಿನದು ಮಾಡಿ ಸಾಕು. ಮೊದಲು ನಾನು ತಿಂತೀನಿ. ಉಳಿದದ್ದು ನೀವು ತಿನ್ನಿ."