ಮೊದಲಾಳಿ ಹತ್ತಿದ ಹಿಮಶಿಖರ

ದುಡ್ಡಿದ್ದವರ ಹುಚ್ಚಿಗೆ ಮದ್ದಿಲ್ಲ, ಹತ್ತಿರವಿದ್ದು ನೋಡುವವರಿಗೆ ನಗೆಗೆ ಬರವಿಲ್ಲ. ನೂಲ್ಪುಳದ ಕಾಫಿ ತೋಟವೊಂದರ ಬಂಗಲೆಯಲ್ಲಿ ನಾನು ಅಡುಗೆಯವನಾಗಿದ್ದೆ. ದಣಿಯನ್ನು ಎಲ್ಲರೂ ಮೊದಲಾಳಿ ಎನ್ನುತ್ತಿದ್ದರು. ತೋಟದ ಹಿಂದೆ ಅವರ ಬೋಳುಗುಡ್ಡವೊಂದು ಪಾಳುಬಿದ್ದಿತ್ತು. ತುಂಡು ನೆಲವೂ ಇಲ್ಲದ ಕಾಡಿನ ಜನ ಅಲ್ಲಿ ಗುಡಿಸಲು ಹಾಕಿಕೊಳ್ಳುತ್ತೇವೆಂದು ಬೇಡಿ ಬೇಡಿ ಸೋತಿದ್ದರು. "ಗೇಣು ಜಾಗವೂ ಕೊಡಲ್ಲ" ಎಂದ ಮೊದಲಾಳಿಗೆ ಆ ವರ್ಷ ಹಿಮಾಲಯ ಹತ್ತುವ ಹುಚ್ಚು ಹಿಡಿಯಿತು. ಮನೆಯ ಹಿಂದಿನ ಗುಡ್ಡವನ್ನೇ ಹತ್ತಿ ನೋಡಿದ ಮನುಷ್ಯನಲ್ಲ!

ಅಭ್ಯಾಸ

ಆಗ ನಕ್ಸಲೀಯರನ್ನು ಹುಡುಕಿಕೊಂಡು ಪೊಲೀಸರು ಕಾಡೆಲ್ಲ ಜಾಲಾಡುತ್ತಿದ್ದರು. ಅಂಥ ಹೊತ್ತಿನಲ್ಲಿ ನಮ್ಮ ಮೊದಲಾಳಿ ಗಡ್ಡ ಬಿಟ್ಟು, ಹೆಗಲಿಗೆ ಹಗ್ಗ, ಕೈಗೆ ಮಂಜು ಕಡಿಯುವ ಕೊಡಲಿ ಹಿಡಿದು ಕಾಡಿನಲ್ಲಿ ಬಂಡೆ ಹತ್ತಲು ಹೊರಟರು. ಸಿಕ್ಕಿಬಿದ್ದರು.

"ಹಿಮಾಲಯಕ್ಕೆ ಹೋಗೋನು ನಾನು!" ಎಂದರಂತೆ.

"ಸಿಕ್ಕಿದವರೆಲ್ಲ ಏನಾದ್ರೂ ಒಂದು ಹೇಳ್ತಾರೆ. ಜೀಪು ಹತ್ತು" ಎಂದ ಪೇದೆ.

ಮೊದಲಾಳಿಗೆ ರೇಗಿತು. ಪೇದೆಯ ಅಪ್ಪ, ಅಜ್ಜ, ಕುಲ, ಜಾತಿ ಯಾವುದನ್ನೂ ಬಿಡದೆ ಬೈದರು. ಪೇದೆ ಕೂಡಲೇ ಸೆಲ್ಯೂಟ್ ಹೊಡೆದು ಬಿಟ್ಟುಬಿಟ್ಟ. "ನಕ್ಸಲೀಯನಾದ್ರೆ ಬಡವನನ್ನ ಹಿಂಗೆ ಬೈಯಲ್ಲ. ಇವರು ದಣಿಗಳೇ!"

ಅನ್ನ

ಅಡುಗೆಗೆಂದು ನನ್ನನ್ನೂ ಹಿಮಾಲಯಕ್ಕೆ ಎಳೆದುಕೊಂಡು ಹೋದರು. ಆ ಎತ್ತರದಲ್ಲೂ ಅವರಿಗೆ ಊರಿನ ಕುಚ್ಚಲಕ್ಕಿಯ ಅನ್ನವೇ ಆಗಬೇಕು. ಆಮೇಲೆ ತಿಳಿದದ್ದು, ಅಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಅಕ್ಕಿ ಬೇಯುವಷ್ಟು ಬಿಸಿಯಾಗುವುದಿಲ್ಲ. ಬೆಳಗ್ಗೆ ಇಟ್ಟ ಅಕ್ಕಿ ಸಂಜೆಯಾದರೂ ಕಲ್ಲು.

"ತೋಟದಲ್ಲಿ ಬೇಯೋ ಅಕ್ಕಿ ಇಲ್ಲಿ ಯಾಕೆ ಬೇಯಲ್ಲ?" ಎಂದು ಗದರಿದರು.

"ಗೊತ್ತಿಲ್ಲ ಮೊದಲಾಳೀ, ಬೆಂಕಿ ಸರಿಯಾಗೇ ಉಂಟು."

ಪಾತ್ರೆಯೊಳಗೆ ಇಣುಕಿ, ಹಲ್ಲು ಕಡಿದು ಹೇಳಿದರು: "ಇದಕ್ಕೂ ತೋಟದ ಯೂನಿಯನ್ನವರು ಮುಷ್ಕರ ಹೇಳಿಕೊಟ್ಟಿದ್ದಾರೆ!"

ಸನ್ಮಾನ

ಶೆರ್ಪಾ ಒಬ್ಬ ಮುಂದಿನಿಂದ ಎಳೆದ, ಇನ್ನೊಬ್ಬ ಹಿಂದಿನಿಂದ ದೂಡಿದ. ಅಂತೂ ಮೊದಲಾಳಿ ಶಿಖರ ಮುಟ್ಟಿದರು. ಊರಿಗೆ ಬಂದು ನೋಡಿದರೆ ಕಾಡಿನ ಜನ ಬೋಳುಗುಡ್ಡ ಹತ್ತಿ ಗುಡಿಸಲು ಹಾಕಿಯಾಗಿತ್ತು, ಮೇಲೆ ಕೆಂಬಾವುಟ ನೆಟ್ಟಾಗಿತ್ತು. ಬಂಗಲೆಯ ಅಂಗಳದಲ್ಲಿ ಸನ್ಮಾನ ಏರ್ಪಾಡಾಯಿತು. ಮೊದಲು ಹಾರ ಹಾಕಿ, ಆಮೇಲೆ ಗುಡ್ಡದವರನ್ನು ಒಕ್ಕಲೆಬ್ಬಿಸುವುದೆಂದು ಇನ್ಸ್‌ಪೆಕ್ಟರೂ ಬಂದಿದ್ದರು. ಗುಡ್ಡದವರು ಬೇಲಿಯಾಚೆ ಗುಡ್ಡದ ಇಳಿಜಾರಲ್ಲೇ ನಿಂತು, ಇವತ್ತು ಸೂರು ಹೋಗುತ್ತದೆಂಬ ಭಯದಲ್ಲೇ ಭಾಷಣ ಕೇಳುತ್ತಿದ್ದರು.

"ಕಷ್ಟಪಟ್ಟು ಹತ್ತಿದೆ, ತುದಿಯಲ್ಲಿ ನನ್ನ ಬಾವುಟ ನೆಟ್ಟೆ!" ಎಂದರು ಮೊದಲಾಳಿ. ಚಪ್ಪಾಳೆ.

ಬೇಲಿಯಾಚೆಯಿಂದ ಒಬ್ಬ ಮುದುಕಿ ಕೇಳಿದಳು: "ಆ ಬೆಟ್ಟ ನಿಮ್ದಾ ಮೊದಲಾಳೀ?"

"ನನ್ನದಲ್ಲ."

"ಬಾವುಟ ನೆಟ್ಟದ್ಕೆ ಪೊಲೀಸು ಬಂದ್ರಾ?"

"ಪೊಲೀಸು ಯಾಕೆ ಬರಬೇಕು? ಅದು ಸಾಹಸ!"

ಮುದುಕಿ ಬೇಲಿ ಸರಿಸಿ ಒಳಗೆ ಬಂದಳು. ಹಾರ ಹಿಡಿದು ನಿಂತ ಇನ್ಸ್‌ಪೆಕ್ಟರ ಮುಂದೆ ಕೊರಳು ಬಗ್ಗಿಸಿದಳು.

"ಹಂಗಾದ್ರೆ ಅದು ನಮ್ಗೇ ಹಾಕಿ ಸಾಮೀ. ಅವ್ರು ನೆಟ್ಟು ಇಳ್ದು ಬಂದ್ರು. ನಾವು ಇನ್ನೂ ಇಳ್ದೇ ಇಲ್ಲ."